ನಂಬರ್ ಬೀಗದ ಕೋಡ್ ಬದಲಿಸುವುದು: ಕೊಂಡಿಯದೋ, ಗುಂಡಿಯದೋ, ರೀಸೆಟ್ ಕೀದೋ?

ನಂಬರ್ ಬೀಗ ಕೊಳ್ಳುವಾಗ ಎಲ್ಲರೂ ನೋಡುವುದು ಕೊಂಡಿ ಎಷ್ಟು ದಪ್ಪ, ಚಕ್ರ ಮೂರೋ ನಾಲ್ಕೋ ಅಂತ. ಕೋಡ್ ಬದಲಿಸುವುದು ಹೇಗೆ ಅಂತ ಕೇಳುವವರು ಕಡಿಮೆ, ಆಮೇಲೆ ಕಾಟ ಕೊಡುವುದು ಮಾತ್ರ ಅದೇ. ಮೂರೂ ಬಗೆ ಬಳಸಿ ನೋಡಿದ ಮೇಲೆ ನನ್ನ ಓಟು ರೀಸೆಟ್ ಕೀ ಇರುವ ಬೀಗಕ್ಕೆ. ಕೊಂಡಿ ತಿರುಗಿಸಿ ಕೋಡ್ ಬದಲಿಸುವ ಬೀಗವನ್ನು ಹಾಸ್ಟೆಲ್, ಪಿಜಿ, ಜಿಮ್ ಲಾಕರಿಗೆ ಇನ್ನು ತರುವುದಿಲ್ಲ.

ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಈ ಕೊಂಡಿಯ ಬಗೆಯನ್ನೇ. ಹೊಸ ಬೀಗದ ಕೋಡ್ ಸಾಮಾನ್ಯವಾಗಿ 0-0-0. ಅಂಕಿಗಳನ್ನು ಗೆರೆಗೆ ತಂದು ಕೊಂಡಿ ಮೇಲಕ್ಕೆಳೆಯಿರಿ. 90 ಡಿಗ್ರಿ ತಿರುಗಿಸಿ (ಕೆಲವು ಮಾಡೆಲ್‌ಗಳಲ್ಲಿ 180), ಕೆಳಕ್ಕೆ ಒತ್ತಿ. ಒತ್ತಿ ಹಿಡಿದುಕೊಂಡೇ ಹೊಸ ಅಂಕಿ ಕೂರಿಸಿ, ಕೈ ಬಿಟ್ಟು, ಕೊಂಡಿಯನ್ನು ಮೊದಲಿನ ಜಾಗಕ್ಕೆ ತನ್ನಿ. ಹೇಳುವುದಕ್ಕೆ ಸುಲಭ, ಆದರೆ ಒಂದು ಹೆಬ್ಬೆರಳು ಒತ್ತುತ್ತಿರಬೇಕು, ಇನ್ನೊಂದು ಕೈ ಚಕ್ರ ತಿರುಗಿಸಬೇಕು.

ಎಡವಟ್ಟಾಗುವುದು ಅಲ್ಲೇ. ಹೊರಗೆ ಕಾಣುವ ಪ್ರತಿ ಚಕ್ರದೊಳಗೆ ಇನ್ನೊಂದು ಸಣ್ಣ ಬಳೆ ಇರುತ್ತದೆ. ಬೀಗ ತೆರೆಯುವ ತೋಡು ಇರುವುದು ಆ ಬಳೆಯಲ್ಲಿ. ಎರಡೂ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುತ್ತವೆ. ಕೊಂಡಿ ಒತ್ತಿದಾಗ ಕಚ್ಚು ಬಿಡುತ್ತದೆ, ಹೊರಚಕ್ರ ಮಾತ್ರ ತಿರುಗುತ್ತದೆ. ಕೈ ಬಿಡುವ ಹೊತ್ತಿಗೆ ಚಕ್ರವೊಂದು 4ಕ್ಕೂ 5ಕ್ಕೂ ನಡುವೆ ನಿಂತಿದ್ದರೆ ಹಲ್ಲು ಕೂರುವುದಿಲ್ಲ, ಅಥವಾ ಪಕ್ಕದ ಅಂಕಿಗೆ ಕೂತುಬಿಡುತ್ತದೆ. ನೀವು 4 ಅಂದುಕೊಂಡಿರುತ್ತೀರಿ, ಬೀಗ 5 ಅನ್ನುತ್ತದೆ. ಬೆರಳು ಮಧ್ಯದಲ್ಲಿ ಜಾರಿದರೆ ಅಷ್ಟರೊಳಗೆ ತಿರುಗಿಸಿದ ಚಕ್ರಕ್ಕೆ ಹೊಸ ಅಂಕಿ, ಉಳಿದವಕ್ಕೆ ಹಳೆಯದೇ.

ಹೀಗಾಗಿ ಬೀಗ ತೆರೆಯದಿದ್ದರೆ 000ದಿಂದ 999ರವರೆಗೆ ಸಾವಿರ ಸಲ ತಿರುಗಿಸಲು ಕೂರಬೇಡಿ. ಮೊದಲು ಹಳೆ ಅಂಕಿ, ಹೊಸ ಅಂಕಿ ಬೆರೆಸಿ ನೋಡಿ: ಮೂರು ಚಕ್ರಕ್ಕೆ ಒಟ್ಟು 8 ಜೋಡಣೆ. ಆಗಲಿಲ್ಲವೆಂದರೆ ಹೊಸ ಕೋಡಿನ ಪ್ರತಿ ಅಂಕಿಗೂ ಒಂದು ಹಿಂದೆ, ಒಂದು ಮುಂದೆ ಪ್ರಯತ್ನಿಸಿ, ಅದು 27. ಬಹುಪಾಲು ಇಷ್ಟರಲ್ಲೇ ತೆರೆಯುತ್ತದೆ. ನಾಲ್ಕು ಚಕ್ರವಾದರೆ ಇವು 16 ಮತ್ತು 81.

ಇದನ್ನಾದರೂ ಸಹಿಸಬಹುದು. ನನಗೆ ಆಗದಿರುವುದು ಇನ್ನೊಂದು: ಕೊಂಡಿ ತೆರೆದು ಚಿಲಕಕ್ಕೆ ನೇತು ಹಾಕಿದ ಬೀಗದ ಕೋಡನ್ನು ಯಾರು ಬೇಕಾದರೂ ಬದಲಿಸಬಹುದು. ಹಳೆ ಕೋಡ್ ಗೊತ್ತಿರಬೇಕಾಗಿಲ್ಲ, ತಿರುಗಿಸಿ ಒತ್ತಿದರೆ ಮುಗಿಯಿತು. ತಮಾಷೆಗೆ ಮಾಡುವವರು ಹಾಸ್ಟೆಲಿನಲ್ಲಿ ಇದ್ದೇ ಇರುತ್ತಾರೆ. ಈ ಬೀಗ ಈಗಾಗಲೇ ಇದ್ದರೆ, ಬಾಗಿಲು ತೆರೆದ ಕೂಡಲೇ ಬೀಗವನ್ನು ಚಿಲಕದ ಬಳೆಗೆ ಹಾಕಿ ಮುಚ್ಚಿ, ಅಂಕಿ ಕಲಸಿಬಿಡಿ.

ಸೂಟ್‌ಕೇಸಿನ ಗುಂಡಿಯ ಬಗೆಯಲ್ಲಿ ಒತ್ತಿ ಹಿಡಿಯುವ ರಗಳೆಯಿಲ್ಲ. ಹಾಲಿ ಕೋಡಿಗೆ ತಂದು, ಸಣ್ಣ ತೂತಿನೊಳಗಿನ ಗುಂಡಿಯನ್ನು ಪೆನ್ನಿನ ತುದಿಯಿಂದ ಟಕ್ ಅನ್ನುವವರೆಗೆ ಒತ್ತಿದರೆ ಅದು ಒಳಗೇ ನಿಲ್ಲುತ್ತದೆ. ನಿಧಾನವಾಗಿ ಅಂಕಿ ಕೂರಿಸಿ, ಬೀಗ ತೆರೆಯುವ ಸ್ಲೈಡರ್ ಸರಿಸಿ. ಗುಂಡಿ ಮೇಲೆ ಬರುತ್ತದೆ. ಬರಲಿಲ್ಲವೆಂದರೆ ಕೋಡ್ ಇನ್ನೂ ಕೂತಿಲ್ಲ, ಆಗ ಅಂಕಿ ಕಲಸಬೇಡಿ. ಕೆಂಪು ವಜ್ರದ ಗುರುತಿರುವ ಟಿಎಸ್‌ಎ ಬೀಗದಲ್ಲಿ ಕಾಣುವ ಕೀಲಿತೂತು ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯವರಿಗಾಗಿ (ಅವರ ಸಂಸ್ಥೆಯೇ ಟಿಎಸ್‌ಎ), ನಿಮಗೆ ಅದರ ಕೀಲಿ ಕೊಡುವುದಿಲ್ಲ. ಆ ಮಾಸ್ಟರ್ ಕೀಲಿಗಳ 3ಡಿ ಪ್ರಿಂಟ್ ಫೈಲುಗಳು 2015ರಲ್ಲೇ ಇಂಟರ್ನೆಟ್ಟಿಗೆ ಬಂದಿವೆ. ಹಾಗಾಗಿ ಪ್ರಯಾಣಕ್ಕೆ ಸರಿ, ಪಿಜಿಯ ಬೀರುವಿಗೆ ಬೇಡ.

ರೀಸೆಟ್ ಕೀ ಬಗೆ: ಬೀಗ ತೆರೆದು, ತೂತಿಗೆ ಕೀ ಹಾಕಿ 90 ಡಿಗ್ರಿ ತಿರುಗಿಸಿ, ಅಂಕಿ ಕೂರಿಸಿ, ಹಿಂದಕ್ಕೆ ತಿರುಗಿಸಿ ಹೊರತೆಗೆಯಿರಿ. ಎರಡೂ ಕೈ ಬಿಡುವು. ನನ್ನಲ್ಲಿರುವ ಬೀಗದಲ್ಲಿ ಹಲ್ಲು ಕೂರದೆ ಕೀ ಈಚೆಗೆ ಬರುವುದೇ ಇಲ್ಲ. ಕೀ ಬೇರೆಯವರಿಗೆ ಸಿಕ್ಕಿದರೂ ಬೀಗ ತೆರೆಯಲಾಗದು. ಕಳೆದುಹೋದರೆ ಮಾತ್ರ ಕೊನೆಯ ಕೋಡೇ ಕಾಯಂ, ಅದಕ್ಕೇ ಕೀಯನ್ನು ಮನೆಯ ಬೀರುವಿನ ಒಳಬಾಗಿಲಿಗೆ ಟೇಪ್ ಹಾಕಿ ಅಂಟಿಸಿಡುತ್ತೇನೆ.

ಯಾವ ಬಗೆಯೇ ಆಗಲಿ, ಹೊಸ ಕೋಡ್ ಹಾಕಿದ ಮೇಲೆ ಬೀಗವನ್ನು ಕೈಯಲ್ಲೇ ಹಿಡಿದು ಮುಚ್ಚಿ, ಕಲಸಿ, ಎರಡು ಮೂರು ಸಲ ತೆರೆದು ನೋಡಿ. ಸೂಟ್‌ಕೇಸಾದರೆ ಜಿಪ್ ತೆರೆದಿರಲಿ. ಚಕ್ರ ಬಿಗಿಯಾಗಿದ್ದರೆ ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಇನ್ನಷ್ಟು ಅಂಟುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿ ಸಾಕು.

ರೀಸೆಟ್ ಕೀ ಬೀಗಕ್ಕೆ ಕೊಂಡಿಯದರ ದುಪ್ಪಟ್ಟು ಕೊಟ್ಟೆ. ಸೆಮಿಸ್ಟರಿಗೊಮ್ಮೆ ಕೋಡ್ ಬದಲಿಸುವ, ನಾಲ್ಕಾರು ಜನರ ನಡುವೆ ಬೀಗ ಬಿಟ್ಟಿರುವ ನನ್ನಂಥವರಿಗೆ ಅದು ದುಬಾರಿಯಲ್ಲ. ಒಮ್ಮೆ ಕೋಡ್ ಹಾಕಿ ಮತ್ತೆ ಮುಟ್ಟದವರಿಗೆ, ಮನೆಯ ಅಟ್ಟದ ಟ್ರಂಕಿಗೆ, ಕೊಂಡಿಯದೇ ಧಾರಾಳ ಸಾಕು.