ಪಿಟಿ, ಎಪಿಟಿಟಿ ಕಂಟ್ರೋಲ್: ಕಂಪನಿಯ ವಯಲ್ ಮತ್ತು ನಮ್ಮದೇ ಪೂಲ್ ಪ್ಲಾಸ್ಮಾ

ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷೆಗಳಾದ ಪಿಟಿ ಮತ್ತು ಎಪಿಟಿಟಿಗೆ ದಿನವೂ ಹಾಕುವ ಕಂಟ್ರೋಲ್ ಪ್ಲಾಸ್ಮಾವನ್ನು (ಯಂತ್ರ, ರೀಏಜೆಂಟ್ ಸರಿಯಿವೆಯೇ ಎಂದು ನೋಡಲು ಬಳಸುವ, ಮೌಲ್ಯ ಗೊತ್ತಿರುವ ಮಾದರಿ) ಕಂಪನಿಯಿಂದ ಲಯೋಫಿಲೈಸ್ಡ್, ಅಂದರೆ ಘನೀಕರಿಸಿ ಒಣಗಿಸಿದ ಪುಡಿಯ ರೂಪದಲ್ಲಿ ಕೊಳ್ಳಬಹುದು, ಇಲ್ಲವೇ ಆರೋಗ್ಯವಂತ ದಾನಿಗಳ ಪ್ಲಾಸ್ಮಾವನ್ನು ಸೇರಿಸಿ ಲ್ಯಾಬ್‌ನಲ್ಲೇ ಘನೀಕರಿಸಿಡಬಹುದು. ಎರಡನ್ನೂ ಒಂದೇ ಯಂತ್ರದಲ್ಲಿ, ಒಂದೇ ಲಾಟ್‌ನ (ತಯಾರಿಕೆಯ ಬ್ಯಾಚ್) ರೀಏಜೆಂಟ್‌ನಲ್ಲಿ ಜೊತೆಜೊತೆಯಾಗಿ ಹಾಕಿ ನೋಡಿದ ಮೇಲೆ, ನಾರ್ಮಲ್ ಮಟ್ಟಕ್ಕೆ ಪೂಲ್ (ಹೀಗೆ ಸೇರಿಸಿದ ಪ್ಲಾಸ್ಮಾ) ಮೇಲು, ಹೆಪ್ಪುಗಟ್ಟಲು ಹೆಚ್ಚು ಸಮಯ ಹಿಡಿಯುವ ಅಬ್‌ನಾರ್ಮಲ್ ಮಟ್ಟಕ್ಕೆ ಕಂಪನಿಯದೇ ಬೇಕು ಎಂಬ ನಿರ್ಧಾರಕ್ಕೆ ಬಂದಿದ್ದೇನೆ.

ಲಯೋಫಿಲೈಸ್ಡ್ ವಯಲ್‌ಗೆ ಸಾಮಾನ್ಯ ಫ್ರಿಜ್ ಸಾಕು. ತೊಡಕಿರುವುದು ನೀರು ಹಾಕುವಲ್ಲಿ. 1 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬದಲು 0.95 ಬಿದ್ದರೂ ಆ ವಯಲ್‌ನ ಪ್ಲಾಸ್ಮಾ ಉಳಿದವುಗಳಿಗಿಂತ ಗಾಢವಾಗುತ್ತದೆ. ರಬ್ಬರ್ ಮುಚ್ಚಳವನ್ನು ರಭಸದಿಂದ ತೆಗೆದರೆ ಪುಡಿ ಹಾರುತ್ತದೆ, ಕುಲುಕಿದರೆ ನೊರೆ ಬರುತ್ತದೆ. ಅರ್ಧ ಗಂಟೆ ಬಿಟ್ಟು, ವಯಲ್ ಓರೆ ಮಾಡಿ ಬೆಳಕಿಗೆ ಹಿಡಿದಾಗ ತಳದಲ್ಲಿ ಲೋಳೆಯಂತಹ ಕಣಗಳು ಕಂಡರೆ ಅದಿನ್ನೂ ಕರಗಿಲ್ಲವೆಂದೇ ತಿಳಿಯಬೇಕು.

ಪೂಲ್‌ನಲ್ಲಿ ಈ ನೀರಿನ ಹಂತವೇ ಇಲ್ಲದ್ದರಿಂದ ಟ್ಯೂಬ್‌ನಿಂದ ಟ್ಯೂಬ್‌ಗೆ ರೀಡಿಂಗ್ ಹೆಚ್ಚು ಹತ್ತಿರವಿರುತ್ತದೆ. ಆದರೆ ತಯಾರಿಯ ಶ್ರಮ ದೊಡ್ಡದು. ಔಷಧಿ ಸೇವಿಸದ ಕನಿಷ್ಠ 20 ದಾನಿಗಳ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ 3.2% ಸಿಟ್ರೇಟ್‌ನಲ್ಲಿ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲಿನಂತೆ ಪಡೆದು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷಿಸಿ, ಎರಡು ಬಾರಿ ಸೆಂಟ್ರಿಫ್ಯೂಜ್ ಮಾಡಿ, ತಳದ ಪದರ ಕದಡದಂತೆ ಪ್ಲಾಸ್ಟಿಕ್ ಪಿಪೆಟ್‌ನಿಂದ ಪ್ಲಾಸ್ಮಾ ಎತ್ತಬೇಕು. ಪ್ಲೇಟ್‌ಲೆಟ್ ಪ್ರತಿ ಮೈಕ್ರೋಲೀಟರ್‌ಗೆ 10,000ಕ್ಕಿಂತ ಕಡಿಮೆ ಇರಲೇಬೇಕು, ಏಕೆಂದರೆ ಉಳಿದವು ಘನೀಕರಿಸಿ ಕರಗಿಸುವಾಗ ಒಡೆದು, ಹೊರಬಂದ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಂಶ ಎಪಿಟಿಟಿಯನ್ನು ಕೆಡಿಸುತ್ತದೆ. ಪಿಎಚ್ ಏರದಂತೆ ಹೆಪೆಸ್ ಬಫರ್ ಸೇರಿಸಿ, ಸಣ್ಣ ಪಾಲಿಪ್ರೊಪಿಲೀನ್ ಟ್ಯೂಬ್‌ಗಳಿಗೆ ಹಂಚಿ, ಮೈನಸ್ 70 ಡಿಗ್ರಿಯಲ್ಲಿ ಬೇಗನೆ ಘನೀಕರಿಸಬೇಕು.

ಕರಗಿಸುವುದು 37 ಡಿಗ್ರಿ ವಾಟರ್ ಬಾತ್‌ನಲ್ಲಿ, ಐದು ನಿಮಿಷ. ಫ್ರಿಜ್‌ನಲ್ಲಿಟ್ಟು ನಿಧಾನವಾಗಿ ಕರಗಿಸಿದರೆ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್‌ಗಳಾದ ಫ್ಯಾಕ್ಟರ್ 8 ಮತ್ತು ಫೈಬ್ರಿನೋಜೆನ್ ಗಸಿಯಾಗಿ ಕೆಳಗಿಳಿಯುತ್ತವೆ. ರಕ್ತನಿಧಿಗಳಲ್ಲಿ ಕ್ರಯೋಪ್ರೆಸಿಪಿಟೇಟ್ ಎಂಬ ಇಂಥ ಗಸಿಯನ್ನು ತಯಾರಿಸುವುದೇ ಈ ವಿಧಾನದಲ್ಲಿ. ಕರಗಿಸಿದ್ದನ್ನು ಮತ್ತೆ ಘನೀಕರಿಸಬಾರದು. ಡೀಪ್ ಫ್ರೀಜರ್‌ಗೆ ಭರವಸೆಯ ಜನರೇಟರ್ ಇಲ್ಲದ ತಾಲೂಕು ಆಸ್ಪತ್ರೆಗೆ ನಾನು ಪೂಲ್ ಶಿಫಾರಸು ಮಾಡುವುದಿಲ್ಲ. ಮೈನಸ್ 20ರಲ್ಲಿ ಪ್ಲಾಸ್ಮಾವನ್ನು ಎರಡು ವಾರಕ್ಕಿಂತ ಹೆಚ್ಚು ನೆಚ್ಚಲಾಗದು.

ಅಬ್‌ನಾರ್ಮಲ್ ಮಟ್ಟಕ್ಕಾಗಿ ಬೇರಿಯಂ ಸಲ್ಫೇಟ್‌ನಿಂದ ಫ್ಯಾಕ್ಟರ್ 2, 7, 9, 10 ತೆಗೆದ ಪ್ಲಾಸ್ಮಾವನ್ನು ಪೂಲ್‌ಗೆ ಬೆರೆಸಿಯೂ ನೋಡಿದೆ. ಪಿಟಿ ಬೇಕಾದಷ್ಟು ಏರುತ್ತದೆ, ಆದರೆ ಒಂದು ಬ್ಯಾಚಿನ ಮೌಲ್ಯ ಮುಂದಿನದಕ್ಕೆ ಹೊಂದುವುದಿಲ್ಲ. ಹಾಗಾಗಿ ಇಲ್ಲಿ ಕಂಪನಿಯದನ್ನೇ ತರಿಸುತ್ತೇನೆ. ಅದರ ಕಾಗದದಲ್ಲಿ ಅಚ್ಚಾದ ವ್ಯಾಪ್ತಿ ಬಹಳ ಅಗಲವಾದ್ದರಿಂದ, ಹಳೆಯ ಲಾಟ್ ಮುಗಿಯುವ ಮೊದಲೇ ಹೊಸದನ್ನೂ ಜೊತೆಗೆ ಹಾಕಿ, ಬೇರೆ ಬೇರೆ ದಿನಗಳ ಕನಿಷ್ಠ 20 ರೀಡಿಂಗ್‌ಗಳಿಂದ ನಮ್ಮದೇ ಸರಾಸರಿ ಮತ್ತು ಎಸ್‌ಡಿ (ರೀಡಿಂಗ್‌ಗಳ ಚದುರುವಿಕೆಯ ಅಳತೆ) ಲೆಕ್ಕ ಹಾಕಿ, ದಿನದಿನದ ಕಂಟ್ರೋಲ್ ರೀಡಿಂಗ್ ಗುರುತಿಸುವ ಲೆವಿ-ಜೆನಿಂಗ್ಸ್ ಚಾರ್ಟ್‌ಗೆ ಏರಿಸುತ್ತೇನೆ.