ಗೆಳೆಯರಿಗೆ ಮೈನ್‌ಕ್ರಾಫ್ಟ್ ಸರ್ವರ್: ಐದು ದಾರಿ ಹಿಡಿದು ನೋಡಿದೆ

ಅಕ್ಕನ ಮಗ ಶಿವಮೊಗ್ಗದಲ್ಲಿದ್ದಾನೆ, ಎಂಟನೇ ಕ್ಲಾಸು. ಹಳೇ ಗೆಳೆಯನೊಬ್ಬ ಧಾರವಾಡದಲ್ಲಿ, ಇನ್ನೊಬ್ಬ ಡಬ್ಲಿನ್‌ನಲ್ಲಿ. ನಾನಿರುವುದು ಮೈಸೂರಿನಲ್ಲಿ. ಶನಿವಾರ ರಾತ್ರಿ ನಾಲ್ಕೂ ಜನ ಒಟ್ಟಿಗೆ ಮೈನ್‌ಕ್ರಾಫ್ಟ್ ಜಾವಾ ಎಡಿಷನ್ (ಕಂಪ್ಯೂಟರ್‌ನಲ್ಲಿ ಆಡುವ ಆವೃತ್ತಿ) ಆಡೋಣ ಅಂತ ಮಾತಾಯಿತು. ಸರ್ವರ್, ಅಂದರೆ ಎಲ್ಲರೂ ಬಂದು ಸೇರುವ ಆಟದ ಪ್ರೋಗ್ರಾಂ, ನಡೆಸುವ ಕೆಲಸ ನಾನು ತೆಗೆದುಕೊಂಡೆ, ಮನೆಯಲ್ಲಿದ್ದ ಹಳೇ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ. ಮೊದಲ ಶನಿವಾರ ಒಂಬತ್ತು ಗಂಟೆಗೆ ಎಲ್ಲರೂ ಕೂತರು. ಹನ್ನೊಂದಕ್ಕೆ ಒಂದು ಬ್ಲಾಕ್ ಕೂಡ ಒಡೆಯದೆ ಎದ್ದರು. ‘ಮಾಮ, ಟೈಮ್ಡ್ ಔಟ್ ಅಂತಾನೇ ಬರ್ತಿದೆ’ ಅಂತ ಹುಡುಗ ಹೇಳಿದ ದನಿ ಇನ್ನೂ ಕಿವಿಯಲ್ಲಿದೆ.

ಆಮೇಲೆ ಎರಡು ತಿಂಗಳು ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಪೋರ್ಟ್ ಫಾರ್ವರ್ಡಿಂಗ್, ಐಪಿವಿ6, ಉಚಿತ ಟನೆಲ್, ಟೇಲ್‌ಸ್ಕೇಲ್, ಬಾಡಿಗೆ ಸರ್ವರ್. ಐದರಲ್ಲೂ ಆಡಿದ್ದೇವೆ. ಯಾವುದರಲ್ಲಿ ಏನು ಸುಖ, ಏನು ಕಷ್ಟ ಅಂತ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಪರದೆ ಮೇಲೆ ಬರುವ ಮೆಸೇಜನ್ನು ಸರಿಯಾಗಿ ಓದಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಸಾಮಾನ್ಯವಾಗಿ ಗೆಳೆಯ ನಿಮ್ಮ ಮೆಷಿನ್‌ವರೆಗೂ ಬಂದಿದ್ದಾನೆ, ಆದರೆ ಆ ಪೋರ್ಟ್‌ನಲ್ಲಿ (ಮೆಷಿನ್‌ನ ನಂಬರ್ ಇರುವ ಬಾಗಿಲಲ್ಲಿ) ಓಗೊಡುವವರಿಲ್ಲ. ಸರ್ವರ್ ಶುರುವಾಗಿಲ್ಲ, ಇಲ್ಲವೇ ಪೋರ್ಟ್ ನಂಬರ್ ತಪ್ಪಿದೆ. ಜಾವಾ ಎಡಿಷನ್‌ಗೆ ಟಿಸಿಪಿ 25565, ಆಟದ ಇನ್ನೊಂದು ಆವೃತ್ತಿ ಬೆಡ್‌ರಾಕ್‌ಗೆ ಯುಡಿಪಿ 19132 (ಟಿಸಿಪಿ, ಯುಡಿಪಿ ಅಂದರೆ ಡೇಟಾ ಕಳಿಸುವ ಎರಡು ಪದ್ಧತಿ). ‘ಟೈಮ್ಡ್ ಔಟ್’ ಅಂದರೆ ಕೂಗಿದ್ದಕ್ಕೆ ಉತ್ತರವೇ ಬಂದಿಲ್ಲ. ಫೈರ್‌ವಾಲೋ (ಬರುವುದನ್ನು ತಡೆಯುವ ಕಾವಲು) ರೂಟರೋ ದಾರಿಯಲ್ಲೇ ನುಂಗಿಬಿಟ್ಟಿದೆ. ‘ಅನ್‌ನೋನ್ ಹೋಸ್ಟ್’ ಬಂದರೆ ವಿಳಾಸವನ್ನೇ ತಪ್ಪಾಗಿ ಹೊಡೆದಿದ್ದಾರೆ.

ಪರೀಕ್ಷೆಯನ್ನು ಒಳಗಿನಿಂದ ಹೊರಗೆ ಮಾಡುತ್ತಾ ಹೋಗಬೇಕು. ಮೊದಲು ಸರ್ವರ್ ಇರುವ ಮೆಷಿನ್‌ನಲ್ಲೇ ‘ಲೋಕಲ್‌ಹೋಸ್ಟ್’ ಅಂತ ಹಾಕಿ ಸೇರಿ. ಆಮೇಲೆ ಅದೇ ಮನೆಯ ಇನ್ನೊಂದು ಕಂಪ್ಯೂಟರ್‌ನಿಂದ 192.168 ಅಂತ ಶುರುವಾಗುವ ವಿಳಾಸಕ್ಕೆ. ಕೊನೆಗೆ ಆ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ಹೊರಗಿನವರ ಹಾಗೆ ಬನ್ನಿ. ಮನೆ ವೈಫೈಯಲ್ಲೇ ಕೂತು ಸ್ವಂತ ಪಬ್ಲಿಕ್ ಐಪಿ (ಹೊರಗಿನವರಿಗೆ ಕಾಣುವ ವಿಳಾಸ) ಹಾಕಿ ಪರೀಕ್ಷೆ ಮಾಡಬೇಡಿ. ಒಳಗಿನಿಂದ ಹೊರಟು ಹೊರಗಿನ ವಿಳಾಸಕ್ಕೆ ಸುತ್ತಿ ಬರುವುದನ್ನು ಎಷ್ಟೋ ರೂಟರ್‌ಗಳು ಬಿಡುವುದಿಲ್ಲ. ಗೆಳೆಯರಿಗೆ ಸರಿಯಿದ್ದರೂ ನಿಮಗೆ ಮಾತ್ರ ಕೆಟ್ಟಂತೆ ಕಾಣುತ್ತದೆ.

ನನಗೆ ಎರಡನೇ ಹೆಜ್ಜೆಯಲ್ಲೇ ತಡೆಯಾಯಿತು. ಅದೇ ಮನೆ, ಅದೇ ವೈಫೈ, ಆದರೂ ಟೈಮ್ಡ್ ಔಟ್. ಅಂದರೆ ಇಂಟರ್‌ನೆಟ್ ಕಂಪನಿಗೂ ಇದಕ್ಕೂ ಸಂಬಂಧವೇ ಇಲ್ಲ. ಸರ್ವರನ್ನು ಮೊದಲ ಸಲ ಶುರು ಮಾಡಿದಾಗ ವಿಂಡೋಸ್ ಒಂದು ಪೆಟ್ಟಿಗೆ ತೋರಿಸಿ ಅನುಮತಿ ಕೇಳಿತ್ತು, ನಾನು ಕ್ಯಾನ್ಸಲ್ ಒತ್ತಿದ್ದೆ. ಹಾಗೆ ಒತ್ತಿದರೆ ಪೆಟ್ಟಿಗೆ ಸುಮ್ನೆ ಮುಚ್ಚಿಕೊಳ್ಳುತ್ತದೆ ಅಂದುಕೊಂಡಿದ್ದೆ. ಅದು ಆ ಪ್ರೋಗ್ರಾಂ ಹೆಸರಿನಲ್ಲಿ ತಡೆಯ ನಿಯಮವನ್ನೇ ಬರೆದಿಡುತ್ತದೆ. ಆಮೇಲೆ ನಾನು 25565ಕ್ಕೆ ಅನುಮತಿಯ ನಿಯಮ ಸೇರಿಸಿದೆ. ಪ್ರಯೋಜನವಾಗಲಿಲ್ಲ, ಏಕೆಂದರೆ ವಿಂಡೋಸ್ ಫೈರ್‌ವಾಲ್‌ನಲ್ಲಿ ತಡೆ ಮತ್ತು ಅನುಮತಿ ಎರಡೂ ಇದ್ದರೆ ತಡೆಯೇ ಗೆಲ್ಲುತ್ತದೆ. ಇನ್‌ಬೌಂಡ್ ರೂಲ್ಸ್ ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋದೆ. ‘ಓಪನ್‌ಜೆಡಿಕೆ ಪ್ಲಾಟ್‌ಫಾರ್ಮ್ ಬೈನರಿ’ (ಸರ್ವರ್ ಓಡಿಸುವ ಜಾವಾದ್ದೇ ಹೆಸರು) ಅಂತ ಎರಡು ಸಾಲು, ಎರಡರ ಮುಂದೆಯೂ ಕೆಂಪು ಗುರುತು. ಒಂದು ಟಿಸಿಪಿಗೆ, ಒಂದು ಯುಡಿಪಿಗೆ. ಎರಡನ್ನೂ ಅಳಿಸಿದೆ. ಮರುಕ್ಷಣ ಮನೆಯ ಇನ್ನೊಂದು ಲ್ಯಾಪ್‌ಟಾಪ್ ಒಳಗೆ ಬಂತು. ಜಾವಾದ ಹೊಸ ಆವೃತ್ತಿ ಬೇರೆ ಫೋಲ್ಡರ್‌ಗೆ ಹಾಕಿಸಿಕೊಂಡಾಗಲೂ ಇದೇ ಪೆಟ್ಟಿಗೆ ಮತ್ತೆ ಬರುತ್ತದೆ, ನೆನಪಿರಲಿ. ಹಾಗೆಯೇ ಸರ್ವರ್ ಸೆಟ್ಟಿಂಗ್ ಫೈಲಿನಲ್ಲಿ ‘ಸರ್ವರ್-ಐಪಿ’ ಅನ್ನುವ ಸಾಲು ಖಾಲಿ ಇರಲಿ. ಅಲ್ಲಿ ಪಬ್ಲಿಕ್ ಐಪಿ ತುಂಬಿದರೆ ‘ಫೇಲ್ಡ್ ಟು ಬೈಂಡ್ ಟು ಪೋರ್ಟ್’ ಅಂತ ಹೇಳಿ ಸರ್ವರ್ ಏಳುವುದೇ ಇಲ್ಲ.

ಇಷ್ಟಾದ ಮೇಲೆ ದಾರಿಗಳ ಮಾತು.

ಪೋರ್ಟ್ ಫಾರ್ವರ್ಡಿಂಗ್ ಎಲ್ಲರೂ ಮೊದಲು ಹೇಳುವ ದಾರಿ. ಲ್ಯಾಪ್‌ಟಾಪ್‌ಗೆ ರೂಟರ್‌ನಲ್ಲಿ ಒಂದು ಖಾಯಂ ವಿಳಾಸ ಕೊಟ್ಟು, ಹೊರಗಿಂದ 25565ಕ್ಕೆ ಬಂದದ್ದನ್ನು ಅಲ್ಲಿಗೆ ಕಳಿಸು ಅಂತ ಬರೆಯುವುದು. ಬರೆದೆ. ಹೊರಗಿನಿಂದ ಆಗಲೂ ಟೈಮ್ಡ್ ಔಟ್. ರೂಟರ್ ಪುಟದಲ್ಲಿ ವ್ಯಾನ್ (ಹೊರಗಿನ ಕಡೆಯ) ವಿಳಾಸ ನೋಡಿದರೆ 100.70 ಅಂತ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆಂದೇ ಬೇರೆ ತೆಗೆದಿಟ್ಟಿದ್ದಾರೆ. ಹಳೇ ತರದ ಐಪಿ (ಐಪಿವಿ4) ವಿಳಾಸಗಳು ಒಟ್ಟು ಇರುವುದೇ ಸುಮಾರು 430 ಕೋಟಿ, ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೇ ನೂರಾರು ಮನೆಗಳನ್ನು ಒಂದೇ ಪಬ್ಲಿಕ್ ವಿಳಾಸದ ಹಿಂದೆ ಕೂರಿಸುತ್ತಾರೆ. ಇದರ ಹೆಸರು ಸಿಜಿನ್ಯಾಟ್. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ನೀವು ಬರೆದ ಕಾಗದ ಹೊರಗೆ ಹೋಗುತ್ತದೆ, ಅದಕ್ಕೆ ಉತ್ತರವೂ ಬರುತ್ತದೆ. ಗುರುತಿಲ್ಲದವರು ತಾವಾಗಿ ಬರೆದ ಕಾಗದ ಮಾತ್ರ ಯಾವ ಮನೆಗೆ ಅಂತ ತಿಳಿಯದೆ ಬಾಗಿಲಲ್ಲೇ ನಿಲ್ಲುತ್ತದೆ. ನಮ್ಮ ಮನೆ ರೂಟರ್‌ನಲ್ಲಿ ಏನು ಬರೆದರೂ ಅದು ಬದಲಾಗುವುದಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ‘ನಮ್ಮ ಕಡೆಯಿಂದ ಪೋರ್ಟ್ ಎಲ್ಲ ಓಪನ್ ಇದೆ ಸರ್’ ಅಂದರು. ಮೂರನೇ ಸಲ ‘ನನಗೆ ಪಬ್ಲಿಕ್ ಐಪಿ ಬೇಕು, ಸಿಜಿನ್ಯಾಟ್‌ನಿಂದ ಹೊರಗೆ ತೆಗೀರಿ’ ಅಂತಲೇ ಕೇಳಿದೆ. ಆಗ ಸ್ಟ್ಯಾಟಿಕ್ ಐಪಿಗೆ (ಬದಲಾಗದ ಪಬ್ಲಿಕ್ ವಿಳಾಸಕ್ಕೆ) ಬೇರೆ ದುಡ್ಡು ಅಂತ ಗೊತ್ತಾಯಿತು. ಕಟ್ಟಿ ತೆಗೆದುಕೊಂಡೆ. ಆದರೂ ಬರಲಿಲ್ಲ! ಫೈಬರ್ ಪೆಟ್ಟಿಗೆಯೇ ಒಂದು ರೂಟರ್, ಅದರ ಹಿಂದೆ ನನ್ನ ಸ್ವಂತ ರೂಟರ್ ಇನ್ನೊಂದು. ಫಾರ್ವರ್ಡ್ ಮಾಡಿದ್ದು ಒಂದರಲ್ಲಿ ಮಾತ್ರ. ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಹಾಗೆ) ಹಾಕಿಸಿದ ದಿನ ಶಿವಮೊಗ್ಗ, ಧಾರವಾಡ ಎರಡೂ ಒಟ್ಟಿಗೆ ಒಳಗೆ ಬಂದವು.

ಆಟದ ಅನುಭವದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ನಡುವೆ ಯಾರೂ ಇಲ್ಲ, ಗೆಳೆಯರು ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಆದರೆ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ. ಮಾರನೇ ದಿನ ಲಾಗ್ ತೆಗೆದು ನೋಡಿದರೆ ಕಂಡು ಕೇಳರಿಯದ ಹೆಸರುಗಳು ತಟ್ಟಿ ಹೋಗಿದ್ದವು. 25565 ತೆರೆದಿರುವ ಮೆಷಿನ್‌ಗಳನ್ನು ಹುಡುಕುತ್ತಾ ತಿರುಗುವ ಬಾಟ್‌ಗಳು ಬೇಕಾದಷ್ಟಿವೆ. ವೈಟ್‌ಲಿಸ್ಟ್ (ಒಳಗೆ ಬಿಡಬೇಕಾದವರ ಪಟ್ಟಿ) ಆನ್ ಮಾಡದೆ, ‘ಆನ್‌ಲೈನ್-ಮೋಡ್’ (ಬಂದವರ ಖಾತೆ ಅಸಲಿಯೇ ಅಂತ ನೋಡುವ ಸೆಟ್ಟಿಂಗ್) ಟ್ರೂ ಇಡದೆ ಈ ದಾರಿಗೆ ಕಾಲಿಡಬೇಡಿ. ಮಕ್ಕಳು ಆಡುವ ಸರ್ವರ್ ಆದರಂತೂ ಇದು ಆಗಲೇಬೇಕು.

ಐಪಿವಿ6, ಅಂದರೆ ಹೊಸ ತರದ ಐಪಿ ವಿಳಾಸದ ಬಗ್ಗೆ ಆಸೆ ಜಾಸ್ತಿ ಇತ್ತು. ಅದರಲ್ಲಿ ವಿಳಾಸಕ್ಕೆ ಬರವಿಲ್ಲ, ಸಿಜಿನ್ಯಾಟ್‌ನ ಗೋಜೂ ಇಲ್ಲ, ದುಡ್ಡೂ ಬೇಡ. ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ ಪೋರ್ಟ್ ಬಿಟ್ಟರೆ ಸಾಕು. ಧಾರವಾಡದವನು ಮೊಬೈಲ್ ಡೇಟಾದಿಂದ ಒಂದೇ ಏಟಿಗೆ ಬಂದ. ಶಿವಮೊಗ್ಗದ ಮನೆಯ ಕನೆಕ್ಷನ್‌ನಲ್ಲಿ ಐಪಿವಿ6 ಇರಲೇ ಇಲ್ಲ. ಎರಡೂ ಕಡೆ ಇದ್ದರೆ ಮಾತ್ರ ಇದು ನಡೆಯುತ್ತದೆ. ಅದೂ ಅಲ್ಲದೆ ನಮ್ಮಲ್ಲಿ ರೂಟರ್ ಆಫ್ ಆಗಿ ಆನ್ ಆದಾಗಲೆಲ್ಲ ವಿಳಾಸ ಬದಲಾಗುತ್ತಿತ್ತು. ಆ ಉದ್ದನೆಯ ವಿಳಾಸವನ್ನು ಚೌಕ ಕಂಸದೊಳಗೆ ಹಾಕಿ ಪ್ರತಿ ವಾರ ಕಳಿಸುವುದು ಹುಡುಗನಿಗೂ ನನಗೂ ಕಷ್ಟವಾಯಿತು. ಎರಡು ವಾರಕ್ಕೆ ಬಿಟ್ಟೆ.

ಉಚಿತ ಟನೆಲ್ ಸೇವೆ ಸುಲಭದಲ್ಲಿ ಸುಲಭ. ನನ್ನ ಮೆಷಿನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡುತ್ತದೆ. ಅದೇ ಹೊರಗೆ ಹೋಗಿ ಅವರ ಸರ್ವರ್ ಜೊತೆ ಕೈ ಹಿಡಿದುಕೊಂಡಿರುತ್ತದೆ. ಹೊರಟದ್ದು ನಮ್ಮಿಂದಲೇ ಆದ್ದರಿಂದ ಸಿಜಿನ್ಯಾಟ್ ತಡೆಯುವುದಿಲ್ಲ. ಅವರು ಕೊಟ್ಟ ವಿಳಾಸವನ್ನು ಗೆಳೆಯರು ಪೇಸ್ಟ್ ಮಾಡಿದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಆಡಲು ಕೂತೆವು. ಆದರೆ ನನಗೆ ಸಿಕ್ಕ ಸರ್ವರ್ ಇದ್ದದ್ದು ಸಿಂಗಪುರದಲ್ಲಿ. ಮೈಸೂರಿಂದ ಶಿವಮೊಗ್ಗಕ್ಕೆ ಹೋಗುವ ಮಾತು ಸಮುದ್ರ ದಾಟಿ ಬರಬೇಕು. ಹುಡುಗ ಮರಕ್ಕೆ ಕೊಡಲಿ ಹಾಕುತ್ತಾನೆ, ತುಂಡು ಮಾಯವಾಗುತ್ತದೆ, ಮತ್ತೆ ಅಲ್ಲೇ ಕಾಣಿಸಿಕೊಳ್ಳುತ್ತದೆ. ಜಾವಾ ಎಡಿಷನ್ ಟಿಸಿಪಿ ಮೇಲೆ ನಡೆಯುವುದರಿಂದ ಡೇಟಾದ ಒಂದು ತುಣುಕು (ಪ್ಯಾಕೆಟ್) ಕಳೆದರೆ ಅದರ ಹಿಂದೆ ಬರುವವೆಲ್ಲ ಅದಕ್ಕಾಗಿ ಕಾಯುತ್ತವೆ. ದಾರಿ ಉದ್ದವಾದಷ್ಟೂ ಆ ಕಾಯುವಿಕೆ ಎದ್ದು ಕಾಣುತ್ತದೆ. ಮನೆ ಕಟ್ಟಿಕೊಂಡು ಆಡುವವರಿಗೆ ಸಾಕು, ಕಾದಾಡುವವರಿಗೆ ಸಾಲದು.

ಟೇಲ್‌ಸ್ಕೇಲ್ ನನಗೆ ಹೆಚ್ಚು ಹಿಡಿಸಿತು. ಇದು ವೈರ್‌ಗಾರ್ಡ್ ಅನ್ನುವ ವಿಪಿಎನ್ ತಂತ್ರದ ಮೇಲೆ ಕಟ್ಟಿದ ಖಾಸಗಿ ನೆಟ್‌ವರ್ಕ್. ನಾಲ್ಕು ಊರಿನ ನಾಲ್ಕು ಕಂಪ್ಯೂಟರ್‌ಗಳು ಒಂದೇ ಮನೆಯಲ್ಲಿದ್ದಂತೆ ಆಗುತ್ತವೆ. ಎರಡೂ ಕಡೆಯ ರೂಟರ್‌ಗಳು ಒಪ್ಪಿದರೆ ನೇರವಾಗಿ ಮಾತಾಡಿಸುತ್ತದೆ, ಒಪ್ಪದಿದ್ದರೆ ತನ್ನ ರಿಲೇ (ನಡುವಿನ ಸರ್ವರ್) ಮೂಲಕ ದಾಟಿಸುತ್ತದೆ. ಬೆಂಗಳೂರಿನಲ್ಲೇ ಒಂದು ರಿಲೇ ಇರುವುದು ನಮಗೆ ಅನುಕೂಲ. ಯಾವುದು ಆಗುತ್ತಿದೆ ಅಂತ ‘ಟೇಲ್‌ಸ್ಕೇಲ್ ಸ್ಟೇಟಸ್’ ಅಂತ ಕಮಾಂಡ್ ಕೊಟ್ಟರೆ ಗೊತ್ತಾಗುತ್ತದೆ, ಹೆಸರಿನ ಪಕ್ಕ ‘ಡೈರೆಕ್ಟ್’ ಅಥವಾ ‘ರಿಲೇ’ ಅಂತ ಬರುತ್ತದೆ. ಧಾರವಾಡ ನೇರವಾಗಿ ಸಿಕ್ಕಿತು. ಶಿವಮೊಗ್ಗ ರಿಲೇ ಮೂಲಕ ಬಂದರೂ ಆಟದಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ.

ಇದರಲ್ಲಿ ಎರಡು ಕಡೆ ತಬ್ಬಿಬ್ಬಾಗುತ್ತದೆ. ಟೇಲ್‌ಸ್ಕೇಲ್ ಕೊಡುವ ವಿಳಾಸವೂ 100ರಿಂದಲೇ ಶುರುವಾಗುತ್ತದೆ, ಸಿಜಿನ್ಯಾಟ್‌ಗೆ ಇಟ್ಟ ಅದೇ ಸಾಲಿನಿಂದ. ರೂಟರ್‌ನಲ್ಲಿ ಕಾಣುವ 100 ಬೇರೆ, ಇದು ಬೇರೆ. ಗೆಳೆಯರಿಗೆ ಕೊಡಬೇಕಾದ್ದು ಇದನ್ನು. ಇನ್ನೊಂದು, ಗೆಳೆಯರೆಲ್ಲರನ್ನೂ ನಿಮ್ಮ ಖಾತೆಗೇ ಸೇರಿಸಬೇಕಾಗಿಲ್ಲ. ಅವರವರು ಸ್ವಂತ ಖಾತೆ ಮಾಡಿಕೊಳ್ಳಲಿ, ನೀವು ಸರ್ವರ್ ಇರುವ ಒಂದು ಮೆಷಿನ್ ಮಾತ್ರ ಹಂಚಿಕೊಳ್ಳಿ. ಪೋರ್ಟ್ ತೆರೆಯುವುದಿಲ್ಲ, ಬಾಟ್‌ಗಳ ಕಾಟವಿಲ್ಲ, ದುಡ್ಡೂ ಇಲ್ಲ. ಕಷ್ಟ ಅಂದರೆ ಎಲ್ಲರೂ ಇನ್‌ಸ್ಟಾಲ್ ಮಾಡಲೇಬೇಕು. ಶಿವಮೊಗ್ಗದಲ್ಲಿ ಅಕ್ಕ ಫೋನ್ ಹಿಡಿದು ‘ಈಗ ಎಲ್ಲಿ ಒತ್ಲೋ?’ ಅಂತ ಕೇಳುತ್ತಾ ಮಾಡಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಒಂದು ಸಲವೂ ಮುಟ್ಟಿಲ್ಲ.

ಡಬ್ಲಿನ್ ಗೆಳೆಯನ ಕಥೆ ಬೇರೆ. ಆಫೀಸಿನ ಲ್ಯಾಪ್‌ಟಾಪ್, ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ, ಆಟ ಮಾತ್ರ ಹೇಗೋ ಇದೆ. ಅವನಿಗಾಗಿ ಒಂದು ತಿಂಗಳು ಮುಂಬೈ ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಸರ್ವರ್ ತೆಗೆದುಕೊಂಡೆ. 2 ಜಿಬಿ ರ‍್ಯಾಮ್ ಇದ್ದದ್ದು. ಕನೆಕ್ಷನ್ ತೊಂದರೆ ಪೂರ್ತಿ ಹೋಯಿತು. ನಮ್ಮ ಮನೆಯಲ್ಲಿ ಕರೆಂಟ್ ಹೋದರೂ ಅವರ ಆಟ ನಡೆಯುತ್ತಿತ್ತು. ಆದರೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಓಡಿದರೆ 2 ಜಿಬಿ ಏದುಸಿರು ಬಿಡುತ್ತಿತ್ತು. ದೊಡ್ಡದು ತೆಗೆದುಕೊಂಡರೆ ತಿಂಗಳಾ ತಿಂಗಳಾ ಬಿಲ್. ವಾರಕ್ಕೆ ಎರಡು ಗಂಟೆ ಆಡುವ ನಮಗೆ ಅದು ದುಂದು ಅನ್ನಿಸಿತು. ದಿನಾ ಆಡುವ ಹತ್ತು ಜನರ ಗುಂಪು ದುಡ್ಡು ಹಂಚಿಕೊಂಡರೆ ಇದೇ ಒಳ್ಳೆಯ ದಾರಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಸೇರಿದ ಮೇಲೆ ಎಳೆದಾಡುವುದನ್ನೆಲ್ಲ ಕನೆಕ್ಷನ್ ತಲೆಗೆ ಕಟ್ಟಬೇಡಿ. ಲಾಗ್‌ನಲ್ಲಿ ‘ಕಾಂಟ್ ಕೀಪ್ ಅಪ್’ ಅಂತ ಬಂದರೆ ಮೆಷಿನ್‌ಗೇ ಸುಸ್ತು. ಸೆಕೆಂಡಿಗೆ 20 ಟಿಕ್ (ಆಟವನ್ನು ಮುಂದೆ ಸರಿಸುವ ಸುತ್ತು) ಮಾಡಬೇಕಾದ ಸರ್ವರ್‌ಗೆ ಅಷ್ಟು ಮಾಡಲು ಆಗುತ್ತಿಲ್ಲ ಅಂತ ಅರ್ಥ. ‘ವ್ಯೂ-ಡಿಸ್ಟೆನ್ಸ್’ (ಎಷ್ಟು ದೂರದವರೆಗೆ ತೋರಿಸಬೇಕು ಅನ್ನುವುದು) ಮೊದಲಿಂದ 10 ಇರುತ್ತದೆ, ನಾನು 6ಕ್ಕೆ ಇಳಿಸಿದೆ. ಸರ್ವರ್ ಲ್ಯಾಪ್‌ಟಾಪ್‌ಗೆ ವೈಫೈ ಬಿಟ್ಟು ಕೇಬಲ್ ಹಾಕಿದೆ. ಮುಚ್ಚಳ ಹಾಕಿದರೂ ನಿದ್ದೆ ಹೋಗದ ಹಾಗೆ ಮಾಡಿದೆ. ರೂಟರ್‌ಗೆ ಒಂದು 12 ವೋಲ್ಟ್ ಮಿನಿ ಯುಪಿಎಸ್ ತಂದೆ. ಈ ನಾಲ್ಕು ಸಣ್ಣ ಕೆಲಸ ಮಾಡಿದ ಮೇಲೆ ಆಟದ ನಡುವೆ ಎಲ್ಲರೂ ಒಟ್ಟಿಗೆ ಬೀಳುವುದು ನಿಂತಿತು.

ಈಗ ನಮ್ಮಲ್ಲಿ ಟೇಲ್‌ಸ್ಕೇಲ್ ಉಳಿದಿದೆ. ಸ್ಟ್ಯಾಟಿಕ್ ಐಪಿ ಬಿಟ್ಟುಕೊಟ್ಟೆ. ಡಬ್ಲಿನ್‌ನವನು ಸ್ವಂತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡ. ಅವನಿಗೆ ಪಿಂಗ್ (ಮಾತು ಹೋಗಿ ಬರುವ ಹೊತ್ತು) 150 ಮಿಲಿಸೆಕೆಂಡಿನ ಆಸುಪಾಸು ಬರುತ್ತದೆ. ಅಷ್ಟು ದೂರಕ್ಕೆ ಅದು ಸಹಜ. ಅವನು ಕಾದಾಟ ಬಿಟ್ಟು ರೈತನಾಗಿದ್ದಾನೆ, ಗೋಧಿ ಬೆಳೆಯುತ್ತಾನೆ. ಸ್ಟ್ಯಾಟಿಕ್ ಐಪಿ ಇದ್ದ ಮನೆಯವರಾದರೆ, ಗೆಳೆಯರಿಗೆ ಇನ್‌ಸ್ಟಾಲ್ ಮಾಡೋದು ಕಷ್ಟವಾದರೆ, ವೈಟ್‌ಲಿಸ್ಟ್ ಹಾಕಿ ಪೋರ್ಟ್ ಫಾರ್ವರ್ಡಿಂಗೇ ಮಾಡಿ ಅನ್ನುತ್ತೇನೆ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಗೊತ್ತಿರುವವರು ಯಾರೋ, ಅವರಿಗೆ ಯಾವುದು ಸುಲಭವೋ ಅದನ್ನು ಹಿಡಿಯಿರಿ.

ಕಳೆದ ಶನಿವಾರ ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಹುಡುಗನ ಮೆಸೇಜ್ ಬಂತು: ‘ಮಾಮ, ರೆಫ್ಯೂಸ್ಡ್ ಅಂತಿದೆ. ದಾರಿ ಸರಿ ಇದೆ, ಸರ್ವರ್ ಇನ್ನೂ ಶುರು ಮಾಡಿಲ್ಲ ಅಲ್ವಾ?’