ಹಾಯಿದೋಣಿಗೆ ಯಾವ ಎಣ್ಣೆ, ಯಾವ ಸ್ಪ್ಯಾನರ್?

ದೋಣಿಯಲ್ಲಿ ಜಾಗ ಕಡಿಮೆ, ಕಂಡ ಡಬ್ಬಿಯನ್ನೆಲ್ಲ ತುಂಬಲು ಆಗುವುದಿಲ್ಲ ಅಲ್ವಾ?

ಡಬ್ಲ್ಯುಡಿ-40 ಎಂಬ ಸ್ಪ್ರೇ ಎಣ್ಣೆ ನೀರನ್ನು ಹೊರದಬ್ಬುತ್ತದೆ, ತುಕ್ಕು ಹಿಡಿದ ನಟ್ಟು ಸಡಿಲಿಸುತ್ತದೆ. ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಹಾಯಿಯ ಹಗ್ಗ ಸುತ್ತಿ ಬಿಗಿಯುವ ವಿಂಚಿನ ಗೇರ್‌ಗಳಿಗೆ ಉಪ್ಪುನೀರು ತಡೆಯುವ ಮರೈನ್ ಗ್ರೀಸೇ ಬೇಕು, ಅದೂ ತೆಳುವಾಗಿ. ವಿಂಚ್ ಹಿಂದಕ್ಕೆ ತಿರುಗದಂತೆ ತಡೆಯುವ ಪುಟ್ಟ ಕೊಂಡಿಗಳಾದ ಪಾಲ್‌ಗಳಿಗೆ ಮಾತ್ರ ಗ್ರೀಸ್ ಬೇಡ, ತೆಳು ಎಣ್ಣೆ ಹಾಕಿ. ಗ್ರೀಸಿಗೆ ಪಾಲ್ ಅಂಟಿಕೊಂಡರೆ ವಿಂಚ್ ಸರ್ರನೆ ಹಿಂದಕ್ಕೆ ಸುತ್ತಬಹುದು. ಕೈ ಮುರಿಯುವ ವಿಷಯ ಇದು! ಹಾಯಿ ಜಾರುವ ಟ್ರ್ಯಾಕಿಗೆ ಒಣ ಟೆಫ್ಲಾನ್ ಸ್ಪ್ರೇ ಒಳ್ಳೆಯದು, ಕೊಳೆ ಅಷ್ಟಾಗಿ ಅಂಟುವುದಿಲ್ಲ.

ಸ್ಟೇನ್‌ಲೆಸ್ ಸ್ಪ್ಯಾನರಿಗೆ ತುಕ್ಕು ಕಡಿಮೆ, ಬೆಲೆ ಜಾಸ್ತಿ. ಕ್ರೋಮ್ ವೆನೇಡಿಯಂ ಉಕ್ಕಿನದು ಗಟ್ಟಿ, ಅಗ್ಗ. ಎಣ್ಣೆ ಬಟ್ಟೆಯಲ್ಲಿ ಸುತ್ತಿಡಬೇಕು ಅಷ್ಟೇ. ನಾನಾದರೆ ಅದನ್ನೇ ಕೊಂಡು, ಉಳಿದ ದುಡ್ಡಿಗೆ ದೊಡ್ಡ ಬೋಲ್ಟ್ ಕಟರ್ ತರುತ್ತೇನೆ. ಹಾಯಿಕಂಬ ಮುರಿದು ಬಿದ್ದರೆ ಅದನ್ನು ಹಿಡಿದಿರುವ ತಂತಿ ಕತ್ತರಿಸಲು ಬೇಕು.